ಕುರಿ ಕೂಡಿಸಿ ಕಳೆದುಕೊಂಡ ಹಗೇವು

ನನಗೆ ಬಡ್ತಿ ಸಿಕ್ಕದ್ದು ಎರಡು ಸಲ. ಎರಡೂ ಸಲ ನಾನು ಕೇಳಿರಲಿಲ್ಲ, ಎರಡೂ ಸಲ ಊರು ಬದಲಾಯಿತು, ಸೈಕಲ್ ಮಾತ್ರ ಅದೇ ಉಳಿಯಿತು. ಆ ವಿಷಯ ಇಲ್ಲಿಗೆ ಮುಗಿಯಿತು.

ಬೇಸಾಯದ ಇಲಾಖೆಗೆ ಈಗ ಹೊಸದಾಗಿ ಸೇರುವ ಹುಡುಗರು ಆಗಾಗ ನನ್ನ ಕಟ್ಟೆಗೆ ಬಂದು ಕೂರುತ್ತಾರೆ. ನಿಜಾಮರ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಹೇಳಲು ಶುರು ಮಾಡಿದರೆ ಅರ್ಧಕ್ಕೇ ಬಸ್ಸಿನ ಹೊತ್ತಾಯಿತು ಎಂದು ಎದ್ದು ಹೋಗುತ್ತಾರೆ. ಬರೆದಿಟ್ಟರೆ ಬಸ್ಸಿನಲ್ಲಿಯೂ ಓದಬಹುದಲ್ಲ ಎಂದು ಬರೆಯುತ್ತಿದ್ದೇನೆ.

ನಾನು ಜಿರಾಯತ್ ಖಾತೆಯಲ್ಲಿ ಕಾಮದಾರ. ಜಿರಾಯತ್ ಎಂದರೆ ಬೇಸಾಯ. ಕಾಮದಾರ ಎಂದರೆ ಆ ಖಾತೆಯ ಕಟ್ಟಕಡೆಯ ಮನುಷ್ಯ. ಮೇಲಿನವರು ಹೇಳಿದ್ದನ್ನು ಹೊಲದವರೆಗೆ ಒಯ್ಯುವುದು, ಹೊಲದವರು ಬೈದದ್ದನ್ನು ದಾರಿಯಲ್ಲೇ ನುಂಗಿ ಬರುವುದು ನನ್ನ ಕೆಲಸ. ಜಹೀರಾಬಾದಿನಲ್ಲಿ ದಫ್ತರ, ನಾರಾಯಣಖೇಡದಲ್ಲಿ ಬಾಡಿಗೆ ಕೋಣೆ, ನಡುವೆ ಎರೆಮಣ್ಣಿನ ದಾರಿ. ಮಳೆ ಬಿದ್ದ ದಿನ ನಾನು ಸೈಕಲ್ ಮೇಲೆ ಕೂರುತ್ತಿರಲಿಲ್ಲ, ಸೈಕಲ್ ನನ್ನ ಹೆಗಲ ಮೇಲೆ ಕೂರುತ್ತಿತ್ತು. ಹಳ್ಳಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ವರದಿ ಉರ್ದುವಿನಲ್ಲಿ. ಬೈಗುಳ ಮಾತ್ರ ಮೂರರಲ್ಲಿಯೂ ಧಾರಾಳವಾಗಿ ಸಿಗುತ್ತಿತ್ತು.

ನನ್ನ ಮೇಲಿನ ಇನ್ಸ್‌ಪೆಕ್ಟರ್ ಸಾಹೇಬರು ಹೈದರಾಬಾದ್ ಶಹರದವರು. ಒಳ್ಳೆಯ ಮನುಷ್ಯ. ಬಿಸಿಲಿನಲ್ಲಿಯೂ ಶೇರ್ವಾನಿಯ ಗುಂಡಿ ಬಿಚ್ಚುತ್ತಿರಲಿಲ್ಲ, ಸಿಟ್ಟು ಬಂದಾಗ ಮಾತ್ರ ಟೋಪಿ ತೆಗೆಯುತ್ತಿದ್ದರು. ಅವರು ಟೋಪಿಗೆ ಕೈ ಹಾಕಿದರೆ ನಾವು ಬಾಗಿಲ ಕಡೆ ಸರಿಯುತ್ತಿದ್ದೆವು.

ಎರಡನೇ ಮಹಾಯುದ್ಧದ ವರ್ಷಗಳವು. ಎಲ್ಲ ಕಡೆ ಕಾಳಿನ ಅಭಾವ. ಊರಿಗೊಂದು ಗಲ್ಲಾ ಗೋದಾಮು, ಅಂದರೆ ಕಾಳಿನ ಉಗ್ರಾಣ, ಮಾಡಿಸಿ ಎಂದು ಮೇಲಿನಿಂದ ಹುಕುಂ ಬಂತು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಒಂದಷ್ಟು ಜೋಳ ಕೂಡಿಹಾಕಬೇಕು. ಆಷಾಢ, ಶ್ರಾವಣದಲ್ಲಿ ಮನೆಯ ಗಡಿಗೆ ಬರಿದಾದಾಗ ತಮ್ಮ ಪಾಲನ್ನು ತೆಗೆದುಕೊಳ್ಳಬೇಕು. ಇನ್ನೂ ಕಡಿಮೆ ಬಿದ್ದವರಿಗೆ ಉಳಿದವರು ಕೈಗಡ ಕೊಡಬೇಕು. ವಿಚಾರ ಚೆನ್ನಾಗಿತ್ತು. ಅದಕ್ಕೆಂದು ಖಾತೆಯವರು ಕಳಿಸಿದ ತಗಡಿನ ಕಣಜ ಮಾತ್ರ ಚೆನ್ನಾಗಿರಲಿಲ್ಲ. ಜಹೀರಾಬಾದಿನ ಪಕ್ಕದ ಒಂದು ಊರಿನಲ್ಲಿ ಅದನ್ನು ನಿಲ್ಲಿಸಿ, ಹೂವಿನ ಹಾರ ಹಾಕಿ, ಜೋಳ ತುಂಬಿಸಿದೆವು. ಚಳಿಗಾಲ ಬಂತು. ಹಗಲು ಕಾದ ತಗಡು ರಾತ್ರಿ ಬೆವರಿ, ಮುಚ್ಚಳ ತೆಗೆದಾಗ ಜೋಳವೆಲ್ಲ ಮುದ್ದೆಗಟ್ಟಿತ್ತು. ಊರಿನ ಮುದುಕಿಯೊಬ್ಬಳು ಒಂದು ಉಂಡೆ ತೆಗೆದು ಸಾಹೇಬರ ಕೈಗಿಟ್ಟು, "ಲಾಡು ಆಗ್ಯಾದ್ರಿ ಸಾಬ್, ಬೆಲ್ಲ ಅಷ್ಟೇ ಹಾಕೋದದ" ಎಂದಳು. ಸಾಹೇಬರು ಟೋಪಿ ತೆಗೆಯಲಿಲ್ಲ. ಆ ಉಂಡೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಮೇಲಿನವರಿಗೆ ತೋರಿಸಿದರಂತೆ. ಮರುವರ್ಷದಿಂದ ಊರಿನವರ ಪದ್ಧತಿಯಲ್ಲೇ ಮಾಡಿ ಎಂದು ಹುಕುಂ ಬದಲಾಯಿತು. ನಾನು ಕಂಡ ಒಳ್ಳೆಯ ಬದಲಾವಣೆಗಳಲ್ಲಿ ಅದೊಂದು.

ಊರಿನವರ ಪದ್ಧತಿ ಎಂದರೆ ಹಗೇವು. ನಾವು ಹಗೇವು ಅನ್ನುತ್ತೇವೆ, ತೆಲುಗಿನವರು ಪಾತರ ಅನ್ನುತ್ತಾರೆ, ಎಲ್ಲರೂ ಇಳಿಯುವುದು ಅದೇ ಗುಂಡಿಗೆ. ಎರೆಮಣ್ಣಿನಲ್ಲಿ ತೇವ ನಿಲ್ಲುವುದರಿಂದ ಅದನ್ನು ತೋಡುವುದು ದಿಬ್ಬದ ಕೆಂಪು ಗಟ್ಟಿ ನೆಲದಲ್ಲಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಒಳಗೆ ಬೆಂಕಿ ಹಾಕಿ ಒಣಗಿಸಿ, ಸುತ್ತ ಹುಲ್ಲು ಕಟ್ಟಿ, ಜೋಳ ಸುರಿದು, ಬೇವಿನ ಸೊಪ್ಪು ಹೊದಿಸಿ, ತಾಂಡೂರಿನ ಫರಸಿ ಕಲ್ಲು ಮುಚ್ಚಿ ಮಣ್ಣು ಬಡಿದರೆ ಮುಗಿಯಿತು. ತೆಗೆಯುವಾಗ ಮಾತ್ರ ಅವಸರ ಕೂಡದು. ಒಳಗಿನ ಬಿಸಿಗಾಳಿ ಮನುಷ್ಯನನ್ನು ಕೊಂದೇ ಬಿಡುತ್ತದೆ. ಕಲ್ಲು ಸರಿಸಿ, ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಉರಿಯುತ್ತಿದ್ದರೆ ಮಾತ್ರ ಇಳಿಯಬೇಕು. ಹೊಸಬರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ.

ಕೂಡಿ ಹಾಕಿದ ಹಗೇವಿಗೆ ಇನ್ನೊಂದು ಕಟ್ಟಳೆ ಇತ್ತು. ಯಾರ ಯಾರ ಕಾಳು ಒಳಗಿದೆಯೋ ಆ ಪ್ರತಿ ಮನೆಯಿಂದ ಒಬ್ಬರು ಬಂದು ಬಾಯಿಯ ಹತ್ತಿರ ನಿಲ್ಲುವವರೆಗೆ ಕಲ್ಲು ಎತ್ತುವಂತಿಲ್ಲ. ಹಾಕುವಾಗ ಎಲ್ಲರ ಎದುರಿಗೇ ಬುಟ್ಟಿಯಲ್ಲಿ ಅಳೆದು ಹಾಕುತ್ತಿದ್ದರು, ತೆಗೆಯುವಾಗಲೂ ಎಲ್ಲರ ಎದುರಿಗೇ. ಹಾಗಾಗಿ ಬರೆದಿಡುವ ಗೊಡವೆ ಇರಲಿಲ್ಲ. ಒಬ್ಬ ಮರೆತರೆ ಹತ್ತು ಜನ ನೆನಪಿಸುತ್ತಿದ್ದರು, ಅದೂ ಜೋರಾಗಿ.

ಈಗ ಹೇಳುವ ಊರು ನಾರಾಯಣಖೇಡದಿಂದ ನಾಗಲಗಿದ್ದದ ಕಡೆಗಿದೆ. ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಅಲ್ಲಿನ ಪಟೇಲರು ಸಂಗಪ್ಪ. ದೊಡ್ಡ ಮೀಸೆ, ಸಣ್ಣ ದನಿ. ಊರೊಳಗಿನ ಮನೆಗಳವರು ಪಟೇಲರ ದಿಬ್ಬದ ಹೊಲದಲ್ಲಿ ಕೂಡಿ ಹಗೇವು ತೋಡಲು ಒಪ್ಪಿದರು. ಕೆಳಗಿನ ಕೇರಿಯವರೂ ಸೇರಬೇಕು ಎಂದು ನಾನು ಅಂದಾಗ ಮಾತು ನಿಂತಿತು. ಆ ಕೇರಿಯವರಿಗೆ ತುಂಡು ಹೊಲ, ಉಳಿದಂತೆ ಕೂಲಿ. ಆಷಾಢದಲ್ಲಿ ಮೊದಲು ಒಲೆ ಆರುವುದು ಅಲ್ಲೇ. ಅವರನ್ನು ಬಿಟ್ಟು ಊರಿನ ಹಗೇವು ಎಂದರೆ ಏನು ಅರ್ಥ?

ಪಟೇಲರು ಮೀಸೆ ನೀವಿಕೊಂಡರು. "ಕಾಮದಾರ ಸಾಬ್, ಕಾಳಿಂದು ನಂದೇನೂ ತಕರಾರಿಲ್ಲ. ಒಣಾ ಕಾಳಿಗಿ ಮೈಲಿಗಿ ಇಲ್ಲ. ಆದ್ರ ಹಗೇವ್ ತಗಿಯೋ ದಿನ ಅವರು ಬರೋ ತನಕ ನಾ ದಾರಿ ನೋಡ್ಕೊಂತ ನಿಂದರಬೇಕೇನ್ರಿ? ಕಟ್ಟಳಿ ಅಂದ್ರ ಕಟ್ಟಳಿ ನೋಡ್ರಿ."

"ನಿಂದರಬೇಕಾಗ್ತದ" ಎಂದೆ.

"ಹಂಗಾದ್ರ ಬ್ಯಾಡ ಬಿಡ್ರಿ."

ನನಗೂ ಸಿಟ್ಟು ಬಂತು. "ಪಟೇಲ್ರೆ, ನಿಮ್ಮ ಮನಿ ಹಗೇವಿನಾಗ ಇಳಿಯೋರು ಯಾರು? ಆ ಕೇರಿ ಮಾಣಿಕ ಅಲ್ಲೇನು? ಅವ ಕಾಲಿಲೆ ಕಾಳು ಸರಿಸಿ ಬುಟ್ಟಿ ತುಂಬಿ ಕೊಟ್ಟಿದ್ದೇ ನೀವು ಇಷ್ಟು ವರ್ಷ ಉಂಡೀರಿ. ಅವ ಹಗೇವಿನ ಒಳಗ ಇದ್ದಾಗ ನೀವು ಮ್ಯಾಲೆ ನಿಂತು ದಾರಿ ನೋಡಿಲ್ಲೇನು?"

ಪಟೇಲರು ಒಪ್ಪಿದ್ದು ನನ್ನ ಮಾತಿಗಲ್ಲ. ಅವರ ಹೆಂಡತಿ ಗುರುಬಾಯಿ ಒಳಗಿನಿಂದಲೇ ಒಂದು ಮಾತು ಆಡಿದರು. "ಲೇವಿ ಮಂದಿ ಬಂದಾಗ ಹೊರಗ ಉಳಿದೋರು ಬಾಯಿ ಬಿಟ್ಟರ ಏನ್ ಮಾಡ್ತೀರಿ? ಎಲ್ಲರದೂ ಒಳಗಿದ್ರ ಎಲ್ಲರೂ ಬಾಯಿ ಮುಚ್ಕೊಂಡಿರ್ತಾರ." ಲೇವಿ ಎಂದರೆ ಸರಕಾರ ಕಡ್ಡಾಯವಾಗಿ ಎತ್ತುತ್ತಿದ್ದ ಧಾನ್ಯ. ಅದನ್ನು ಎತ್ತುವವರು ಮಾಲ್ ಖಾತೆಯ, ಅಂದರೆ ಕಂದಾಯದ ಮಂದಿ, ಬೇರೆ ದಫ್ತರ. ಒಂದು ದಫ್ತರ ಊರಲ್ಲಿ ಕಾಳು ಉಳಿಸಿ ಅನ್ನುತ್ತಿತ್ತು, ಇನ್ನೊಂದು ಅದೇ ಕಾಳನ್ನು ಹುಡುಕುತ್ತಿತ್ತು. ನೀವು ಯಾವ ಸರಕಾರದಲ್ಲಿ ಕೆಲಸ ಮಾಡಿದರೂ ಈ ಚೋದ್ಯ ಕಾಣುತ್ತೀರಿ.

ಇನ್ನು ಕೆಳಗಿನ ಕೇರಿಯವರನ್ನು ಒಪ್ಪಿಸಬೇಕಿತ್ತು. ಅಲ್ಲಿ ಎಲ್ಲರೂ ಮಾಣಿಕನ ಹೆಂಡತಿ ಸಾಯಮ್ಮನ ಮುಖ ನೋಡುತ್ತಿದ್ದರು. ಅವಳು ಹೂಂ ಅಂದರೆ ಕೇರಿಯೇ ಹೂಂ ಅಂದಂತೆ. ಅವಳು ನನ್ನನ್ನು ಅಂಗಳದಲ್ಲಿ ನಿಲ್ಲಿಸಿಯೇ ಮಾತಾಡಿದಳು.

"ನನ್ನ ಗಡಿಗಿ ನನ್ನ ಕಣ್ಣ ಮುಂದ ಇರ್ತದ. ನಿಮ್ಮ ಹಗೇವ್ ಪಟೇಲರ ಹೊಲದಾಗ ಇರ್ತದ. ನಾಳಿ ನಿಂದು ಇದ್ರಾಗಿಲ್ಲ ನಡಿ ಅಂದ್ರ ನಾ ಯಾರ ಬಾಗಲಾಗ ನಿಂದರಲಿ?"

"ನೀ ಬರೋ ತನಕ ಕಲ್ಲು ಎತ್ತಂಗಿಲ್ಲ ಸಾಯವ್ವ. ಕಟ್ಟಳಿ ಅದ. ನಿನ್ನ ಕರೀಲೇಬೇಕು."

ಅವಳು ನಕ್ಕಳು. ನನ್ನನ್ನು ನೋಡಿ ನಕ್ಕದ್ದೋ, ನನ್ನ ಮಾತನ್ನು ನೋಡಿ ನಕ್ಕದ್ದೋ ಗೊತ್ತಾಗಲಿಲ್ಲ. "ನನಗ ಕರೀತಾರ? ಪಟೇಲರು? ಹೆಸರು ಹಿಡಿದು?"

"ಹೂಂ."

"ಯಪ್ಪಾ, ಅದೊಂದು ನೋಡಾಕರೇ ಹಾಕ್ತೀನಿ ತಗೋರಿ."

ಹಾಕಿದಳು. ಅವಳ ಮನೆಯಲ್ಲಿ ಆ ವರ್ಷ ಬೆಳೆದ ಬಿಳಿಜೋಳದಲ್ಲಿ ಸುಗ್ಗಿಯ ಹೊತ್ತಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ತಂದು ಸುರಿದಳು. ಅವಳ ಹಿಂದೆ ಕೇರಿಯ ಉಳಿದ ಮನೆಗಳವರೂ ಸುರಿದರು. ಒಂದು ಬುಟ್ಟಿ ಊರೊಳಗಿನದು, ಒಂದು ಬುಟ್ಟಿ ಕೇರಿಯದು, ಒಳಗೆ ನಿಂತ ಮಾಣಿಕ ಎಲ್ಲವನ್ನೂ ಕಾಲಿನಿಂದ ಸಮ ಮಾಡುತ್ತಿದ್ದ. ಬಿದ್ದ ಮೇಲೆ ಯಾವ ಕಾಳು ಯಾರದು ಎಂದು ಬ್ರಹ್ಮನೂ ಹೇಳುವಂತಿರಲಿಲ್ಲ.

ಲೇವಿಯವರು ಬರುತ್ತಿದ್ದಾರೆ ಎಂಬ ಸುದ್ದಿ ಹಗೇವು ಮುಚ್ಚುವ ದಿನವೇ ಬಂತು. ಆ ಊರು ಕೊಡಬೇಕಾದದ್ದನ್ನು ಕೊಟ್ಟಿತ್ತು. ಆದರೆ ಕೊಟ್ಟ ಮೇಲೆಯೂ ಗಿರ್ದಾವರ ಎಂಬ ಮಾಲ್ ಖಾತೆಯ ಅಧಿಕಾರಿ ತನ್ನ ಜನರೊಂದಿಗೆ ಊರೂರು ಸುತ್ತಿ, ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚಿಸಿ, ಸಿಕ್ಕಷ್ಟು ಎತ್ತಿಕೊಂಡು ಹೋಗುತ್ತಿದ್ದ. ಊರವರು ಫರಸಿ ಕಲ್ಲನ್ನು ಎಂದಿಗಿಂತ ಆಳಕ್ಕೆ ಇಳಿಸಿ, ಮೇಲೆ ಉಬ್ಬು ಏಳದಂತೆ ಮಣ್ಣು ಸಮ ಮಾಡಿದರು. ಹೊಸ ಮಣ್ಣಿನ ಬಣ್ಣ ಮಾತ್ರ ದೂರದಿಂದ ಕಾಣುತ್ತಿತ್ತು.

ಆಗ ಪಟೇಲರಿಗೆ ಮಾಳಪ್ಪನ ನೆನಪಾಯಿತು. ಮಾಳಪ್ಪ ಕುರಿ ಕಾಯುವವನು, ಆ ಊರಿನವನೇ. ಬೇಸಿಗೆಯಲ್ಲಿ ಬರಿ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಅವನಿಗೆ ಜೋಳ. ಹಿಂದಿನಿಂದ ನಡೆದ ಪದ್ಧತಿ. ಅವನ ಪಾಲಿನ ಜೋಳವೂ ಹಗೇವಿನಲ್ಲೇ ಇತ್ತು.

"ಮಾಳಪ್ಪ, ನಿನ್ನ ಕುರಿ ಹಗೇವಿನ ಮ್ಯಾಲೆ ಕೂಡ್ಸು. ತುಳಿದು ಹಿಕ್ಕಿ ಹಾಕಿದ್ರ ಯಾವ ಮಗಂಗೂ ಕಾಣಂಗಿಲ್ಲ" ಎಂದರು ಪಟೇಲರು.

ಕಾಣಲೂ ಇಲ್ಲ. ಗಿರ್ದಾವರ ಬಂದಾಗ ದಿಬ್ಬದ ತುಂಬ ಕುರಿ, ಹಿಕ್ಕೆ, ನಾತ. ಅವನು ಮೂಗಿಗೆ ಕರವಸ್ತ್ರ ಹಿಡಿದು ಒಂದು ಸುತ್ತು ಬಂದು, ಸಲಾಕೆಯವರನ್ನು ಬೇರೆ ಕಡೆಗೆ ಕಳಿಸಿ, ಪಟೇಲರ ಮನೆಯಲ್ಲಿ ಮಜ್ಜಿಗೆ ಕುಡಿದು ಹೊರಟುಹೋದ. ಆ ದಿನ ಊರಲ್ಲಿ ಹಬ್ಬದ ಕಳೆ ಇತ್ತು. ಮಾಳಪ್ಪನಿಗೆ ಹೊಸ ರುಮಾಲು ಕೊಟ್ಟರು.

ಮಳೆ ಹಿಡಿಯುವ ಮುಂಚೆ ಮಾಳಪ್ಪ ಕುರಿ ಹೊಡೆದುಕೊಂಡು ಕೊಡಂಗಲ್ ಕಡೆ ಹೋದ. ಮೃಗಶಿರಾ ಚೆನ್ನಾಗಿ ಸುರಿಯಿತು. ಆಷಾಢ ಬಂತು, ಮನೆಮನೆಯ ಗಡಿಗೆ ತಳ ಕಂಡಿತು, ಹಗೇವು ತೆಗೆಯೋಣ ಎಂದು ಎಲ್ಲರೂ ದಿಬ್ಬಕ್ಕೆ ಹೋದರು. ಹಗೇವು ಇರಲಿಲ್ಲ.

ಇರಲಿಲ್ಲ ಎಂದರೆ, ಎಲ್ಲಿದೆ ಎಂದು ಯಾರಿಗೂ ತಿಳಿಯಲಿಲ್ಲ. ಎಲ್ಲರ ಲೆಕ್ಕ ಒಂದೇ ಇತ್ತು: ಹಿಕ್ಕೆ ಎಲ್ಲಿ ದಟ್ಟವಾಗಿದೆಯೋ, ಹುಲ್ಲು ಎಲ್ಲಿ ಸೊಕ್ಕಿದೆಯೋ ಅಲ್ಲೇ ಹಗೇವು. ಆದರೆ ಹುಲ್ಲು ದಿಬ್ಬದ ತುಂಬ ಒಂದೇ ಸಮನೆ ಸೊಕ್ಕಿ ನಿಂತಿತ್ತು. ಕುರಿ ಕೂಡಿಸುವವರು ದಡ್ಡಿಯನ್ನು, ಅಂದರೆ ಕುರಿಯ ಬೇಲಿಯನ್ನು, ದಿನಾ ಸಂಜೆ ಒಂದು ದಡ್ಡಿಯಷ್ಟು ಸರಿಸುತ್ತಾರೆ. ಒಂದೇ ಕಡೆ ಗೊಬ್ಬರ ಹೆಚ್ಚಾದರೆ ಪೈರು ಸುಡುತ್ತದೆ, ಉಳಿದ ಕಡೆಗೆ ಇಲ್ಲವಾಗುತ್ತದೆ. ಮಾಳಪ್ಪನ ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ಹಗೇವಿನ ಮೇಲೆ ಕೂಡಿಸು ಎಂದರೆ ಮೊದಲ ದಿನ ಹಗೇವಿನ ಮೇಲೆ ಕೂಡಿಸಿ, ಮರುದಿನದಿಂದ ಯಥಾಪ್ರಕಾರ ಸರಿಸುತ್ತ ಹೋಗಿದ್ದ. ಪಟೇಲರ ಹೊಲಕ್ಕೆ ಅಂಥ ಗೊಬ್ಬರ ಹಿಂದೆಂದೂ ಬಿದ್ದಿರಲಿಲ್ಲ. ಹಗೇವು ಮಾತ್ರ ಲೇವಿಯವರಿಗೂ ಸಿಗಲಿಲ್ಲ, ಊರವರಿಗೂ ಸಿಗಲಿಲ್ಲ.

ಮಾಳಪ್ಪನನ್ನು ಹುಡುಕಿ ಕರೆತಂದರು. ಅವನು ದಿಬ್ಬದ ನಡುವೆ ನಿಂತು ಸುತ್ತ ನೋಡಿ, "ಈ ಕಡಿ ಇರಬೇಕ್ರಿ" ಎಂದು ಒಂದು ಕಡೆ ತೋರಿಸಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ ತೋರಿಸಿದ. ಪಟೇಲರು ಬೇವಿನ ಮರದ ಹತ್ತಿರ ಎಂದರು. ಬೇವಿನ ಮರ ಎರಡಿದ್ದವು. ಮಾಣಿಕನನ್ನು ಕೇಳಿದರೆ, "ನಾ ಒಳಗಿದ್ನೆಲ್ರಿ, ಒಳಗಿಂದ ಬಾಯಿ ಒಂದೇ ಕಾಣ್ತಿತ್ತು" ಎಂದ. ಎಲ್ಲ ಕಡೆ ಅಗೆಯೋಣವೆಂದರೆ ದಿಬ್ಬ ದೊಡ್ಡದು, ನಾರಾಯಣಖೇಡದ ದಾರಿಗೆ ಎದ್ದು ಕಾಣುವಂಥದು. ಹೊಸ ಮಣ್ಣು ಕಂಡರೆ ಗಿರ್ದಾವರನಿಗೆ ಸುದ್ದಿ ಹೋಗುತ್ತದೆ. ಹಾರೆಯಿಂದ ಚುಚ್ಚೋಣವೆಂದರೆ ಮೇಲೆ ಬಡಿದ ಮಣ್ಣಿಗೆ ತೂತು ಬಿದ್ದು ಮಳೆನೀರು ಒಳಗಿಳಿಯುತ್ತದೆ. ಹಾಗೆಂದು ಸುಮ್ಮನೆ ಬಿಟ್ಟರೂ ನೀರು ಒಳಗಿಳಿಯದೆಂದು ಹೇಳುವಂತಿರಲಿಲ್ಲ.

ಸಾಯಮ್ಮ ನಾರಾಯಣಖೇಡಕ್ಕೆ ನಡೆದು ಬಂದಳು. ನಾನು ಕೋಣೆಯ ಮುಂದೆ ಸೈಕಲ್ಲಿನ ಚಕ್ರ ಬಿಚ್ಚಿಕೊಂಡು ಕೂತಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಮನ್ಯಾಗ ಕಾಳಿಲ್ರಿ. ಹುಡುಗರಿಗಿ ತೊಂಡಿ ಸೊಪ್ಪು, ಅಣ್ಣಿ ಸೊಪ್ಪು ಕುದಿಸಿ ಹಾಕಾಕ ಹತ್ತೀನಿ. ಊರೊಳಗಿನ ಮಂದಿಗಿ ಮನ್ಯಾಗ ಬ್ಯಾರೆ ಕಣಜ ಅವ. ನಮಗ ಅದೇ ಇತ್ತು. ಕೇರಿಯವರು ನನ್ನ ಮುಖ ನೋಡಿ ಹಾಕ್ಯಾರ, ನಾ ನಿಮ್ಮ ಮುಖ ನೋಡಿ ಹಾಕೀನಿ. ಈಗ ಎಲ್ಲರೂ ನನ್ನ ಬಾಗಲಿಗಿ ಬರ್ತಾರ. ಏನ್ ಹೇಳಲಿ ಹೇಳ್ರಿ."

ನನಗೆ ಭಯವಾಯಿತು. ಕೆಲಸ ಹೋಗುವ ಭಯವಲ್ಲ. ಆ ಕಾಳು ಸಿಗದಿದ್ದರೆ ಆ ಕೇರಿಯವರು ಇನ್ನು ಯಾವ ಕಾಮದಾರ ಬಂದು ಏನು ಹೇಳಿದರೂ ನಂಬುವುದಿಲ್ಲ, ನಂಬಬಾರದು ಕೂಡ ಎಂದು ನನಗೇ ಅನಿಸಿತು. ಕೋಣೆಯಲ್ಲಿದ್ದ ಜೋಳವನ್ನು ಅವಳ ಸೆರಗಿಗೆ ಹಾಕಿ, ಚಕ್ರ ಜೋಡಿಸಿ, ಅವಳ ಹಿಂದೆಯೇ ಹೊರಟೆ.

ಪಟೇಲರ ಮನೆಯಲ್ಲಿ ಜಗಳ ನಡೆದಿತ್ತು. ಗುರುಬಾಯಿ ಗಂಡನಿಗೆ ಬೈಯುತ್ತಿದ್ದರು. "ನಮ್ಮ ಪಡಸಾಲ್ಯಾಗ ಹಳೇ ಹಗೇವ್ ಇದ್ದಲ್ಲಿ ಖಾರ ಕುಟ್ಟಿದ್ರ ಒನಕಿ ಸಪ್ಪಳ ಬ್ಯಾರೆ ಬರ್ತದಂತ ನಿಮ್ಮವ್ವ ಸಾಯೋ ತನಕ ಅಂತಿದ್ಲು. ಮೂರು ಹೊತ್ತು ಅದ್ರ ಮ್ಯಾಲೇ ಕುಂತು ಉಣ್ತೀರಿ, ಒಮ್ಮಿರೇ ಕಿವಿಗಿ ಬಿದ್ದಿಲ್ಲೇನು?"

ಪಟೇಲರು ಬೈಗುಳ ಕೇಳಿದರು, ನಾನು ಅದರೊಳಗಿನ ಮಾತು ಕೇಳಿದೆ. ಕಾಳು ತಾನಾಗಿ ಕುಸಿದು ಕೂರುತ್ತದೆ, ಕಲ್ಲಿನ ಕೆಳಗೆ ಒಂದಿಷ್ಟು ಪೊಳ್ಳು ಉಳಿಯುತ್ತದೆ. ಮೇಲೆ ಗಟ್ಟಿಯಾಗಿ ಕುಟ್ಟಿದರೆ ಸಪ್ಪಳ ಬೇರೆ ಬರಲೇಬೇಕು. ಗುರುಬಾಯಿಗೆ ಅದನ್ನೇ ಹೇಳಿದೆ. "ಮತ್ತ ನಾ ಏನ್ ಅನ್ನಾಕ ಹತ್ತೀನಿ!" ಎಂದು ಅವರು ಒನಕೆ ಎತ್ತಿಕೊಂಡು ಎದ್ದೇ ಬಿಟ್ಟರು.

ಬೆಳಿಗ್ಗೆ ಊರೊಳಗಿನ ಹೆಂಗಸರೆಲ್ಲ ಒನಕೆ ಹಿಡಿದು ದಿಬ್ಬದಲ್ಲಿ ಸಾಲಾಗಿ ನಿಂತರು. ಕುಟ್ಟುವುದು, ಕಿವಿಗೊಡುವುದು, ಒಂದು ಹೆಜ್ಜೆ ಮುಂದೆ ಹೋಗುವುದು. ಗಂಡಸರಿಗೆ ಬೇವಿನ ಮರದ ಕೆಳಗೆ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ. ಅಷ್ಟು ದೊಡ್ಡ ದಿಬ್ಬಕ್ಕೆ ಆ ಸಾಲು ಏನೇನೂ ಸಾಲದು. ಕೇರಿಯ ಹೆಂಗಸರು ಹೊಲದ ಬದುವಿನ ಆಚೆ ನಿಂತು ನೋಡುತ್ತಿದ್ದರು. ಅವರ ಕೈಯಲ್ಲಿಯೂ ಒನಕೆಗಳಿದ್ದವು, ಒಳಗೆ ಬಾ ಎಂದು ಯಾರೂ ಅಂದಿರಲಿಲ್ಲ.

ಗುರುಬಾಯಿ ಬೆವರು ಒರೆಸಿಕೊಳ್ಳುತ್ತ ಆ ಕಡೆ ನೋಡಿದರು. "ನಿಂತು ಏನ್ ತಮಾಷಾ ನೋಡಾಕ ಹತ್ತೀರಿ? ಒಳಗ ನಿಮ್ಮ ಕಾಳಿಲ್ಲೇನು? ಬರ್ರಿ, ಈ ಕಡಿ ಸಾಲು ಹಿಡೀರಿ."

ಸಾಯಮ್ಮ ಬದು ದಾಟಿದಳು. ಅವಳ ಹಿಂದೆ ಉಳಿದವರು ದಾಟಿದರು. ಈಗ ಸಾಲು ಹೊಲದ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಕುಟ್ಟುವ ಕೈ ತಾಳಕ್ಕೆ ಬಂದಾಗ ಯಾರೋ ಹಾಡು ಎತ್ತಿದರು. ಸಪ್ಪಳ ಕೇಳಿಸುವುದಿಲ್ಲ ಎಂದು ಗುರುಬಾಯಿ ಬೈದು ನಿಲ್ಲಿಸಿದರು.

ಅಷ್ಟರಲ್ಲಿ ದಾರಿಯಲ್ಲಿ ಗಿರ್ದಾವರನ ಚಪರಾಸಿ ಕುದುರೆಯ ಮೇಲೆ ಕಾಣಿಸಿಕೊಂಡ. ಊರಿನ ಹೆಂಗಸರೆಲ್ಲ ಸೇರಿ ಬಯಲಿನಲ್ಲಿ ನೆಲಕ್ಕೆ ಒನಕೆಯಲ್ಲಿ ಹೊಡೆಯುವುದನ್ನು ಕಂಡು ಕುದುರೆ ನಿಲ್ಲಿಸಿದ. "ಯೇ ಕ್ಯಾ ಚಲ್ ರಾ ಹೈ?" ಇದೇನು ನಡೆದಿದೆ ಎಂದು ಉರ್ದುವಿನಲ್ಲಿ ಕೇಳಿದ. ಎಲ್ಲರೂ ನನ್ನ ಕಡೆ ನೋಡಿದರು. ಸರಕಾರದ ಅನ್ನ ತಿನ್ನುವವನು ಅಲ್ಲಿ ನಾನೊಬ್ಬನೇ.

"ಜಿರಾಯತ್ ಖಾತೆಯದು ಹೊಸಾ ತರೀಕಾ" ಎಂದೆ. "ಹಿಂಗ ಕುಟ್ಟಿದ್ರ ಮಣ್ಣಾಗಿನ ಹುಳ ಹೆದರಿ ಓಡಿ ಹೋಗ್ತಾವ."

"ಓಡಿ ಎಲ್ಲಿ ಹೋಗ್ತಾವ?" ಎಂದು ಅವನೂ ಕನ್ನಡದಲ್ಲೇ ಕೇಳಿದ.

ಮರದ ಕೆಳಗಿದ್ದ ಪಟೇಲರು ತಮ್ಮ ಸಣ್ಣ ದನಿಯಲ್ಲಿ, "ಬಾಜೂ ಊರಿಗಿ ಹೋಗ್ತಾವ" ಎಂದರು. ಚಪರಾಸಿ ತಲೆ ಅಲ್ಲಾಡಿಸಿಕೊಂಡು ಹೋದ. ಅವನದು ಆ ಪಕ್ಕದ ಊರೇ ಎಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ಕಳೆದು ಬಿಸಿಲು ಇಳಿಯುವ ಹೊತ್ತಿಗೆ ಸಾಲಿನ ನಡುವೆ ಎರಡು ಒನಕೆ ಒಟ್ಟಿಗೆ ನಿಂತವು. ಒಂದು ಗುರುಬಾಯಿಯದು, ಇನ್ನೊಂದು ಸಾಯಮ್ಮನದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೊಮ್ಮೆ ಕುಟ್ಟಿದರು. ಮರದ ಕೆಳಗಿದ್ದ ನಮಗೂ ಕೇಳಿಸಿತು. ಖಾಲಿ ಗಡಿಗೆಯ ಮೇಲೆ ಬೆರಳಿನಿಂದ ಹೊಡೆದ ಹಾಗಿತ್ತು. ಎರಡು ಬೇವಿನ ಮರಗಳಿಂದಲೂ ದೂರ, ಮಾಳಪ್ಪ ತೋರಿಸಿದ ಯಾವ ಕಡೆಯೂ ಅಲ್ಲದ ಜಾಗ ಅದು.

ಸಾಯಮ್ಮ ಒನಕೆ ಬಿಟ್ಟು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಅವಳು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಗಂಡಸರು ಮಣ್ಣು ತೆಗೆದರು. ಪ್ರತಿ ಮನೆಯವರೂ ಅಲ್ಲೇ ಇದ್ದುದರಿಂದ ಯಾರನ್ನೂ ಕರೆಯುವ ಪ್ರಶ್ನೆ ಬರಲಿಲ್ಲ. ಫರಸಿ ಸರಿಸಿ, ಬಿಸಿಗಾಳಿ ಹೋಗಲು ಬಿಟ್ಟು, ಮರುದಿನ ದೀಪ ಇಳಿಬಿಟ್ಟೆವು. ಉರಿಯಿತು. ಮಾಣಿಕ ಇಳಿದ. ಒಂದು ಪಕ್ಕಕ್ಕೆ ತೇವ ಮುಟ್ಟಿ ಒಂದಷ್ಟು ಕಾಳು ಕಪ್ಪಾಗಿತ್ತು, ಅದನ್ನು ದನಕ್ಕೆ ಹಾಕಿದರು. ಆ ನಷ್ಟವನ್ನು ಎಲ್ಲ ಮನೆಗಳಿಗೂ ಹಂಚಬೇಕು ಎಂದೆ. ಪಟೇಲರು ಹೂಂ ಎಂದರು. ಮೀಸೆ ನೀವಿಕೊಳ್ಳಲಿಲ್ಲ.

ಸಾಯಮ್ಮನ ಸರದಿ ಬಂದಾಗ ಪಟೇಲರು, "ನಿಂದೆಲ್ಲಾ ಒಯ್ದುಬಿಡವ್ವ. ಮತ್ತ ಕಳದ್ರ ನಮ್ಮ ತಲಿ ಮ್ಯಾಲೆ ಬ್ಯಾಡ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ನನಗೂ ಅದೇ ಸರಿ ಅನ್ನಿಸಿತು. ಸಾಯಮ್ಮ ಒಂದು ಬುಟ್ಟಿ ತುಂಬಿಸಿಕೊಂಡಳು. ಎರಡನೆಯದನ್ನು ತುಂಬಲು ಹೋದ ಗಂಡನಿಗೆ ಸಾಕು ಎಂದು ಕೈಸನ್ನೆ ಮಾಡಿದಳು.

"ಉಳದದ್ದು ಅಲ್ಲೇ ಇರಲಿ."

"ಯಾಕವ್ವ?" ಎಂದೆ. "ಮನ್ಯಾಗ ಮಕ್ಕಳು ಸೊಪ್ಪು ತಿನ್ನಾಕ ಹತ್ಯಾವ ಅಂದಿದ್ದಿ."

"ಇಷ್ಟು ಸಾಕ್ರಿ ಸದ್ಯಕ. ಒಳಗ ನಂದೂ ಅದ ಅಂದ್ರ ಮುಂದ ತಗಿಯೋ ದಿನ ನನಗ ಕರೀಬೇಕಾಗ್ತದ. ಎಲ್ಲಾ ಒಯ್ದ್ರ ಯಾರ್ ಕರೀತಾರ?"

ಪಟೇಲರು ಕೇಳಿಸಿಕೊಂಡರು. ಆ ಸಲ ಮುಚ್ಚಿದ ಮೇಲೆ ಬಾಯಿಯ ಹತ್ತಿರ ಒಂದು ಕಲ್ಲು ನೆಟ್ಟು, ಮಾಳಪ್ಪನಿಗೆ ಅದನ್ನು ಮುಟ್ಟಿ ತೋರಿಸಿದರು.

ಸ್ವಲ್ಪ ದಿನಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು ಜಹೀರಾಬಾದಿಗೆ ಬರಹೇಳಿದರು. ಹುಳ ಓಡಿಸುವ ನನ್ನ ಹೊಸ ತರೀಕಾ ಅವರ ಕಿವಿಗೆ ಮುಟ್ಟಿತ್ತು. ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನಾನು ಬಾಗಿಲ ಕಡೆ ಸರಿದೆ.

"ಹುಳಗಳು ಹೋದವಾ?" ಎಂದು ಉರ್ದುವಿನಲ್ಲಿ ಕೇಳಿದರು.

"ಹೋದವು ಸಾಹೇಬರೆ."

"ಜನರ ಕಾಳು ಉಳಿಯಿತಾ?"

"ಉಳಿಯಿತು."

"ಹಾಗಾದರೆ ಇದಕ್ಕೆ ವರದಿ ಬೇಡ" ಎಂದು ಟೋಪಿ ಹಾಕಿಕೊಂಡರು. ಅಂಥ ಮೇಲಧಿಕಾರಿ ಸಿಗುವುದು ನಿಮ್ಮ ಹಣೆಬರಹ, ಅದಕ್ಕೆ ತರಬೇತಿ ಇಲ್ಲ. ಮುಂದೆ ನನ್ನನ್ನು ತಾಂಡೂರಿಗೆ ವರ್ಗ ಮಾಡಿದಾಗ ಕೊಡಂಗಲ್ ಹತ್ತಿರದ ದೌಲತಾಬಾದಿನ ಕಡೆಯ ರೈತನೊಬ್ಬ ಸಂತೆಯಲ್ಲಿ ನನ್ನನ್ನು ನಿಲ್ಲಿಸಿ, "ಒನಕಿ ಸಾಬ್ರು ನೀವೇ ಏನ್ರಿ? ನಮ್ಮ ತೊಗರಿ ಹೊಲದಾಗೂ ಹುಳ ಭಾಳ ಆಗ್ಯಾವ" ಎಂದು ಕೇಳಿದ. ನಾನು ಅಲ್ಲ ಎಂದೆ.

ತಾಂಡೂರಿಗೆ ಹೋಗುವ ಮುಂಚಿನ ಆಷಾಢದಲ್ಲಿ ಆ ಊರಿನ ಹಗೇವು ಮತ್ತೆ ತೆಗೆದರು. ಹೇಳಿ ಬರೋಣವೆಂದು ಹೋಗಿದ್ದ ನಾನೂ ದಿಬ್ಬಕ್ಕೆ ಹೋದೆ. ಊರೊಳಗಿನವರು ಬಂದಿದ್ದರು, ಮಾಳಪ್ಪ ಬಂದಿದ್ದ, ಕೇರಿಯ ಉಳಿದವರು ಬಂದಿದ್ದರು. ಮಾಣಿಕ ಹೆಂಡತಿಯ ಮಾತು ಮೀರದೆ ದೂರದಲ್ಲಿ ಕೂತಿದ್ದ. ಮನೆಯ ಪರವಾಗಿ ನಿಲ್ಲುವವಳು ತಾನು ಎಂದು ಅವಳು ಹೇಳಿದ್ದಳಂತೆ. ಇಬ್ಬರು ಕಲ್ಲಿಗೆ ಹಾರೆ ಹಾಕಲು ಹೋದರು. ಪಟೇಲರು ತಡೆದರು. ಮಳೆಮೋಡ ಕವಿಯುತ್ತಿತ್ತು, ಎಲ್ಲರಿಗೂ ಅವಸರ. ಅವರು ಬದುವಿನವರೆಗೆ ನಡೆದು ಹೋಗಿ, ಕೇರಿಯ ಕಡೆ ಮುಖ ಮಾಡಿ, ಇದ್ದಷ್ಟೂ ದನಿಯನ್ನು ಎತ್ತಿದರು.

"ಸಾಯವ್ವಾ, ಲಗೂನ ಬಾರವ್ವ, ಕಲ್ಲು ಎತ್ತೋದದ."

ಮತ್ತೊಮ್ಮೆ ಕರೆದರು. ಸಾಯಮ್ಮ ಮನೆಯಿಂದ ಹೊರಗೆ ಬಂದು, ಬಾಗಿಲು ಮುಂದೆ ಮಾಡಿ, ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ದಾರಿ ಹಿಡಿದಳು. ಅವಸರವೇನೂ ಮಾಡಲಿಲ್ಲ. ಅವಳು ಬಂದು ಬಾಯಿಯ ಹತ್ತಿರ ನಿಲ್ಲುವವರೆಗೆ ನಾವೆಲ್ಲ ನಿಂತಿದ್ದೆವು.